ತುಳುವಿನ ಮೇಲೆ ಪಾಶ್ಚಾತ್ಯ ಪ್ರಭಾವ: ಲಿಪಿ, ನಿಘಂಟು, ಪಾಡ್ದನ

ಭಾರತೀಯ ಭಾಷೆಗಳ ಮೇಲೆ ಪಾಶ್ಚಾತ್ಯ ಪ್ರಭಾವವನ್ನು ಕುರಿತ ಕನ್ನಡ ಬರಹಗಳಲ್ಲಿ ಬಹುಪಾಲು ಎರಡು ದಾರಿಗಳಲ್ಲಿ ಸಾಗುತ್ತವೆ. ಒಂದು, ಎರವಲು ಪದಗಳನ್ನು ಪಟ್ಟಿ ಮಾಡುವುದು. ಇನ್ನೊಂದು, ಹೊಸ ಸಾಹಿತ್ಯಪ್ರಕಾರಗಳ ಆಗಮನವನ್ನು ಕಾಲಾನುಕ್ರಮದಲ್ಲಿ ದಾಖಲಿಸುವುದು. ಎರಡೂ ಅವಶ್ಯಕವೇ. ಆದರೆ ಪ್ರಭಾವವೆಂಬುದು ಪಶ್ಚಿಮದಿಂದ ಹೊರಟು ನೇರವಾಗಿ ಒಂದು ದೇಶಭಾಷೆಯನ್ನು ತಲುಪುತ್ತದೆಂಬ ಗ್ರಹಿಕೆ ಎರಡರ ಹಿಂದೆಯೂ ಇದೆ. ತುಳುನಾಡಿನ ಮಟ್ಟಿಗೆ ಈ ಗ್ರಹಿಕೆ ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪ್ರಭಾವ ತುಳುವನ್ನು ಮುಟ್ಟಿದ್ದು ಬಹುಮಟ್ಟಿಗೆ ಕನ್ನಡದ ಮೂಲಕ. ಹಾಗೆ ಮುಟ್ಟುವಾಗ ಅದು ಕರಾವಳಿಯ ಭಾಷೆಗಳ ನಡುವಣ ತಾರತಮ್ಯವನ್ನೇ ಹೊಸದಾಗಿ ನಿಶ್ಚಯಿಸಿತು. ಕನ್ನಡ ಪೀಠವೊಂದರ ಪತ್ರಿಕೆಯಲ್ಲಿ ಈ ಮಾತನ್ನಾಡುವುದು ತುಸು ಮುಜುಗರದ ಸಂಗತಿಯಾದರೂ ಆಡಬೇಕಾಗಿದೆ.

ಪದಗಳ ವಿಚಾರವನ್ನು ಬೇಗನೆ ಮುಗಿಸಬಹುದು. ಹದಿನಾರನೆಯ ಶತಮಾನದಿಂದ ಕರಾವಳಿಯ ಬಂದರುಗಳಲ್ಲಿ ಪೋರ್ಚುಗೀಸರ ವ್ಯವಹಾರವಿತ್ತು. ಇಗರ್ಜಿ, ಚಾವಿ, ಜನೇಲು, ಅನಾನಸು, ಬಟಾಟೆ ಮುಂತಾದ ಪದಗಳು ಕರಾವಳಿಯ ಆಡುನುಡಿಗಳಲ್ಲಿ ನೆಲೆನಿಂತವು. ಇವುಗಳಿಂದ ತುಳುವಿನ ವ್ಯಾಕರಣವಾಗಲಿ, ಸಮಾಜದಲ್ಲಿ ಅದಕ್ಕಿದ್ದ ಸ್ಥಾನವಾಗಲಿ ಕದಲಲಿಲ್ಲ.

ಕದಲಿದ್ದು ಬಾಸೆಲ್ ಮಿಶನ್ನಿನ ಕಾಲದಲ್ಲಿ. ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಅವರ ಮುದ್ರಣಾಲಯ ಆರಂಭವಾದುದು 1841ರಲ್ಲಿ. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟವಾಯಿತು. ಕನ್ನಡದ ಮೊಳೆಗಳು ಸಿದ್ಧವಾಗಿದ್ದುದರಿಂದ ಈ ಆಯ್ಕೆ ಅನಿವಾರ್ಯವಾಯಿತೆಂಬ ವಾದವಿದೆ. ಇದನ್ನು ಒಪ್ಪುವುದು ಕಷ್ಟ. ಆರಂಭದಲ್ಲಿ ಆ ಮುದ್ರಣಾಲಯ ಕಲ್ಲಚ್ಚಿನದು. ಕಲ್ಲಚ್ಚಿಗೆ ಮೊಳೆ ಬೇಕಿಲ್ಲ. ಕೈಯಲ್ಲಿ ಬರೆಯಬಲ್ಲ ಯಾವ ಲಿಪಿಯನ್ನಾದರೂ ಅದರಲ್ಲಿ ಮುದ್ರಿಸಬಹುದು. ಇದೇ ಮಿಶನ್ನಿನ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಮಂಗಳೂರಿನಲ್ಲಿಯೇ ಮಲಯಾಳ ಲಿಪಿಯಲ್ಲಿ ಅಚ್ಚಾಯಿತು. ಅದೇ ವರ್ಷ ಪ್ರಕಟವಾದ ಬ್ರಿಗೆಲ್ಲರ ತುಳು ವ್ಯಾಕರಣಕ್ಕೆ, ಮಲಯಾಳ ಲಿಪಿಗೆ ಹತ್ತಿರದ ಬಂಧುವಾದ ತಿಗಳಾರಿಯ ನೆರವು ದೊರೆಯಲಿಲ್ಲ. ಕಾರಣವನ್ನು ಯಂತ್ರದಲ್ಲಿ ಹುಡುಕುವುದಕ್ಕಿಂತ ಸಮಾಜದಲ್ಲಿ ಹುಡುಕುವುದು ಯುಕ್ತ.

ತಿಗಳಾರಿ ಮುಖ್ಯವಾಗಿ ಬ್ರಾಹ್ಮಣ ಮನೆತನಗಳಲ್ಲಿ ಸಂಸ್ಕೃತ ಗ್ರಂಥಗಳನ್ನು ಓಲೆಗರಿಗಳ ಮೇಲೆ ಬರೆಯಲು ಬಳಕೆಯಾಗುತ್ತಿದ್ದ ಲಿಪಿ. ಅದರಲ್ಲಿ ತುಳು ಕಾವ್ಯಗಳೂ ಇದ್ದವು. ವೆಂಕಟರಾಜ ಪುಣಿಂಚತ್ತಾಯರು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂಪಾದಿಸಿದ ‘ಶ್ರೀ ಭಾಗವತೊ’, ‘ಕಾವೇರಿ’ ಮೊದಲಾದ ಕೃತಿಗಳಿಂದ ಇದು ಸಂದೇಹಾತೀತವಾಗಿ ಸ್ಥಿರಪಟ್ಟಿದೆ. ಆದರೆ ಮಿಶನ್ನಿನ ಶಾಲೆಗಳಿಗೂ ಪ್ರಾರ್ಥನಾಮಂದಿರಗಳಿಗೂ ಬಂದವರಲ್ಲಿ ಬಿಲ್ಲವರೇ ಹೆಚ್ಚು. ಓಲೆಗರಿಯ ಆ ಲಿಪಿ ಅವರ ಕೈಗೆ ಎಂದೂ ಎಟುಕಿದ್ದಲ್ಲ. ಇನ್ನೊಂದು ಕಡೆ, ಆಳುಪರ ಕಾಲದಿಂದಲೂ ಈ ನಾಡಿನ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಹೀಗಿರುವಾಗ ಮಿಶನರಿಗಳು ತುಳು ಲಿಪಿಯನ್ನು ನಾಶಮಾಡಿದರೆಂದು ದೂರುವವರೂ, ಲಿಪಿಯೇ ಇಲ್ಲದ ಭಾಷೆಗೆ ಅವರು ಬರವಣಿಗೆಯನ್ನು ಕೊಟ್ಟರೆಂದು ಹೊಗಳುವವರೂ ಸಮಾನವಾಗಿ ಅವಸರದ ತೀರ್ಮಾನಕ್ಕೆ ಬಂದಿದ್ದಾರೆ. ಮೊದಲೇ ಇದ್ದ ಕನ್ನಡದ ಮೇಲ್ಮೆಯನ್ನು ಮುದ್ರಣ ಸ್ಥಿರಗೊಳಿಸಿತು. ಅಲ್ಲಿಯವರೆಗೆ ರೂಢಿಯಾಗಿದ್ದುದು ಅಲ್ಲಿಂದ ಮುಂದೆ ವ್ಯವಸ್ಥೆಯಾಯಿತು.

ಅದರ ಭಾಷಿಕ ಪರಿಣಾಮವೂ ಸಣ್ಣದಲ್ಲ. ತುಳುವಿನಲ್ಲಿ ‘ನಾನು ಬರುತ್ತೇನೆ’ ಮತ್ತು ‘ಅವನು ಬರುತ್ತಾನೆ’ ಎಂಬ ಅರ್ಥದ ಕ್ರಿಯಾಪದಗಳ ವ್ಯತ್ಯಾಸವಿರುವುದು ಕೊನೆಯ ಸ್ವರದಲ್ಲಿ. ಮೊದಲನೆಯದರಲ್ಲಿ ಬಾಯಿ ಅಗಲವಾಗಿ ತೆರೆಯುತ್ತದೆ, ಎರಡನೆಯದರಲ್ಲಿ ಇಲ್ಲ. ಕನ್ನಡ ಲಿಪಿಯಲ್ಲಿ ಎರಡೂ ‘ಬರ್ಪೆ’ ಆಗುತ್ತವೆ. ತುಳುವಿಗೆ ವಿಶಿಷ್ಟವಾದ ಅರೆ ಉಕಾರವನ್ನು ವ್ಯಂಜನಾಂತವಾಗಿ ಬರೆದು ನಿಭಾಯಿಸಲಾಗುತ್ತದೆ. ತುಳು ಬಲ್ಲವರಿಗೆ ಇದರಿಂದ ತೊಂದರೆಯಿಲ್ಲ; ಮುದ್ರಿತ ಪಠ್ಯವನ್ನೇ ನಂಬಿ ಕೆಲಸ ಮಾಡುವ ಹೊರನಾಡಿನ ಸಂಶೋಧಕರು ಎಚ್ಚರ ವಹಿಸಬೇಕು. ಸಂಸ್ಕೃತಕ್ಕಾಗಿ ರೂಢಿಗೊಂಡಿದ್ದ ತಿಗಳಾರಿಯಲ್ಲಿಯೂ ಈ ಭೇದಗಳಿಗೆ ಪ್ರತ್ಯೇಕ ಚಿಹ್ನೆಗಳಿರಲಿಲ್ಲವೆಂಬುದನ್ನು ಲಿಪಿಯ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 2024ರಲ್ಲಿ ತುಳು-ತಿಗಳಾರಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತಿರುವುದರಿಂದ ಇನ್ನು ಮುಂದೆ ಈ ಚರ್ಚೆಗೆ ಭಾವುಕತೆಗಿಂತ ಪ್ರಯೋಗ ಸಹಾಯಕವಾದೀತು.

ಲಿಪಿಗಿಂತಲೂ ಆಳವಾಗಿ ಕೆಲಸ ಮಾಡಿದ್ದು ಅರ್ಥಗಳ ನಿಗದಿ. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಬಂದುದು 1886ರಲ್ಲಿ, ಇಂಗ್ಲಿಷ್-ತುಳು ನಿಘಂಟು 1888ರಲ್ಲಿ. ಪರಿಶ್ರಮದ ದೃಷ್ಟಿಯಿಂದ ಇವು ಅಸಾಮಾನ್ಯ ಕೃತಿಗಳೆಂಬುದರಲ್ಲಿ ಎರಡು ಮಾತಿಲ್ಲ. ಕಿಟ್ಟೆಲ್ಲರ 1894ರ ನಿಘಂಟಿಗಾಗಿ ಕನ್ನಡಿಗರು ಆ ಮಹನೀಯರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮ್ಯಾನರರ ಹೆಸರು ತುಳು ವಿದ್ವಾಂಸರ ವಲಯದಾಚೆ ಕೇಳಿಬರುವುದೇ ಅಪರೂಪ. ಈ ವ್ಯತ್ಯಾಸವೂ ಮೇಲೆ ಹೇಳಿದ ತಾರತಮ್ಯದ ಒಂದು ಕುರುಹು. ದ್ವಿಭಾಷಾ ನಿಘಂಟು ಒಂದು ಪದದ ಎದುರು ಇನ್ನೊಂದು ಪದವನ್ನಿಟ್ಟಾಗ ಎರಡು ಲೋಕಗಳು ಸಮವೆಂದು ಘೋಷಿಸಿದಂತಾಗುತ್ತದೆ. ತುಳುವರ ‘ಭೂತ’ಕ್ಕೆ ಆ ಕಾಲದ ಪಾಶ್ಚಾತ್ಯ ಬರಹಗಳಲ್ಲಿ ಎದುರಾಗಿ ನಿಂತುದು ‘ಡೆವಿಲ್’. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ 1882ರಲ್ಲಿ ತೀರಿಕೊಂಡರು. ಅವರ ಸಂಗ್ರಹವನ್ನು ಟೆಂಪಲ್ ಅವರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ 1894ರಿಂದ ಪ್ರಕಟಿಸಿದಾಗ ಅದಕ್ಕೆ ‘ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’ ಎಂಬ ಶೀರ್ಷಿಕೆಯೇ ಇತ್ತು.

ಭಕ್ತರು ಅದೇ ಶಕ್ತಿಗಳನ್ನು ‘ದೈವ’ ಎಂದೂ ‘ಸತ್ಯೊಲು’ ಎಂದೂ ಕರೆಯುತ್ತಾರೆ. ಊರಿನ ವ್ಯಾಜ್ಯವನ್ನು ಕೇಳಿ ನ್ಯಾಯ ಹೇಳುವ, ಗುತ್ತಿನ ಯಜಮಾನನನ್ನೂ ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಈ ಶಕ್ತಿ, ದೇವರಿಗೆ ಪ್ರತಿಪಕ್ಷವಾದ ಕ್ರೈಸ್ತ ಸೈತಾನನ ಕಲ್ಪನೆಯೊಳಗೆ ಹಿಡಿಸುವಂಥದಲ್ಲ. ಈಗ ‘ಡೆವಿಲ್’ ಶಬ್ದವನ್ನು ಯಾರೂ ಬಳಸುವುದಿಲ್ಲ. ಅದರ ಜಾಗಕ್ಕೆ ಇಂಗ್ಲಿಷಿನ ‘ಸ್ಪಿರಿಟ್’ ಬಂದಿದೆ, ‘ಡೆಮಿಗಾಡ್’ ಬಂದಿದೆ. ತೂಕ ಮಾಡುವ ತಕ್ಕಡಿ ಮಾತ್ರ ಹಳೆಯದೇ. ಕನ್ನಡದಲ್ಲಿಯೂ ಹಿಂದೆ ಧಾರಾಳವಾಗಿ ಸಲ್ಲುತ್ತಿದ್ದ ‘ಭೂತಾರಾಧನೆ’ಯನ್ನು ‘ದೈವಾರಾಧನೆ’ ಹಿಂದೆ ಸರಿಸುತ್ತಿದೆ. 2022ರ ‘ಕಾಂತಾರ’ ಚಲನಚಿತ್ರದ ಬಳಿಕ ಇದು ಇನ್ನೂ ಬೇಗನೆ ನಡೆದಿದೆ. ಮಿಶನರಿಯ ಅನುವಾದದಿಂದ ‘ಭೂತ’ ಶಬ್ದಕ್ಕೆ ಅಂಟಿದ ಕಳಂಕಕ್ಕೆ ಹೆದರಿ ತುಳುವರು ತಮ್ಮದೇ ಪದವನ್ನು ಬಿಟ್ಟುಕೊಡುತ್ತಿದ್ದಾರೆಯೇ ಎಂಬುದು ಕ್ಷೇತ್ರಕಾರ್ಯದಿಂದ ಪರಿಶೀಲಿಸಬೇಕಾದ ಪ್ರಶ್ನೆ. ಭಾಗಶಃ ಹೌದೆಂದು ನನ್ನ ಅಭಿಪ್ರಾಯ.

ಪಾಡ್ದನಗಳ ಗತಿಯೂ ಇದಕ್ಕೆ ಹೊಂದಿಕೊಂಡಿದೆ. 1886ರಲ್ಲಿ ಮ್ಯಾನರರು ‘ಪಾಡ್ದನೊಳು’ ಸಂಕಲನವನ್ನು ಹೊರತಂದರು. ನಾಟಿಗದ್ದೆಯಲ್ಲಿ ಒಬ್ಬಾಕೆ ಹೇಳಿ ಉಳಿದವರು ದನಿಗೂಡಿಸುವ ಪಾಡ್ದನಕ್ಕೂ, ಕೋಲದ ಸಂದರ್ಭದಲ್ಲಿ ನಲಿಕೆ, ಪರವ, ಪಂಬದರು ಹೇಳುವ ಪಾಡ್ದನಕ್ಕೂ ಉದ್ದೇಶ ಬೇರೆ, ವಿಸ್ತಾರ ಬೇರೆ. ಪುಸ್ತಕದ ಪುಟದಲ್ಲಿ ಎರಡೂ ಒಂದೇ ಬಗೆಯ ಕಥನವಾಗಿ ಕಾಣುತ್ತವೆ. ಹೇಳಿದವರ ಜಾತಿ, ಊರು, ಸಂದರ್ಭ ಅಳಿಸಿಹೋಗಿ ‘ಶುದ್ಧಪಾಠ’ವೆಂಬ ಕಲ್ಪನೆ ಹುಟ್ಟುತ್ತದೆ. ಹಸ್ತಪ್ರತಿಶಾಸ್ತ್ರದಲ್ಲಿ ಪಳಗಿದ ನಮ್ಮ ಪಂಡಿತಪರಂಪರೆಗೂ ಈ ಕಲ್ಪನೆ ಒಪ್ಪಿತವಾದುದೇ. ಮಿಶನರಿಯೂ ಪಂಡಿತನೂ ಇಲ್ಲಿ ಕೈಜೋಡಿಸಿದರು. ಬಿ. ಎ. ವಿವೇಕ ರೈಯವರ ‘ತುಳು ಜನಪದ ಸಾಹಿತ್ಯ’ (1985) ಹಾಗೂ ಪೀಟರ್ ಕ್ಲಾಸ್, ಹೈಡ್ರುನ್ ಬ್ರೂಕ್ನರ್ ಮುಂತಾದವರ ಅಧ್ಯಯನಗಳು ಬಂದ ಮೇಲೆಯೇ ಪ್ರದರ್ಶನದ ಸಂದರ್ಭಕ್ಕೆ ತಕ್ಕ ಮಹತ್ತ್ವ ದೊರೆತದ್ದು. ಈ ತಿದ್ದುಪಡಿಯಲ್ಲಿ ಪಾಶ್ಚಾತ್ಯ ವಿದ್ವಾಂಸರ ಪಾಲೂ ಇದೆಯೆಂಬುದು ಪ್ರಭಾವವನ್ನು ಏಕಮುಖವಾಗಿ ದೂಷಿಸುವವರಿಗೆ ತೊಡಕಾಗುವ ಸಂಗತಿ.

2011ರ ಜನಗಣತಿಯಂತೆ 18 ಲಕ್ಷಕ್ಕೂ ಮಿಕ್ಕಿದ ಜನರ ತಾಯ್ನುಡಿಯಾದ ತುಳು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕಾಗಿ ಮನವಿ ಸಲ್ಲಿಸುವಾಗಲೆಲ್ಲ ತನಗೆ ಲಿಪಿಯಿದೆ, ಕಾವ್ಯವಿದೆ ಎಂದು ಸಾಬೀತುಪಡಿಸುತ್ತಿರಬೇಕಾಗಿದೆ. ಭಾಷೆಯ ಯೋಗ್ಯತೆಗೆ ಈ ಒರೆಗಲ್ಲನ್ನು ಮುದ್ರಣಯುಗವೇ ಒದಗಿಸಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳಲ್ಲಿ ಹೊರತಂದ ‘ತುಳು ನಿಘಂಟು’ ಪ್ರಾದೇಶಿಕ, ಜಾತೀಯ ಪ್ರಭೇದಗಳನ್ನೂ ಪಾಡ್ದನಗಳ ಪ್ರಯೋಗಗಳನ್ನೂ ಒಳಗೊಂಡು ಮ್ಯಾನರರನ್ನು ಬಹುದೂರ ಮೀರಿತು. ಅದರಲ್ಲಿಯೂ ಮುಖ್ಯಪದ ಕನ್ನಡ ಲಿಪಿಯಲ್ಲಿದೆ, ಅರ್ಥ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇದೆ.