ಐರ್ಲೆಂಡಿನ ಜನಮತಗಣನೆಗಳು: ಬಿಷಪ್ಪರು ಗೆದ್ದದ್ದೆಲ್ಲಿ, ಸೋತದ್ದೆಲ್ಲಿ

ಚರ್ಚಿನ ಬೋಧನೆಯನ್ನು ಸಂವಿಧಾನದಲ್ಲಿ ಬರೆದಿಟ್ಟರೆ ಅದಕ್ಕೆ ಅಳಿವಿಲ್ಲ ಎಂದು ಐರ್ಲೆಂಡಿನ ಕ್ಯಾಥೊಲಿಕ್ ಮುಖಂಡರು ಬಹುಕಾಲ ನಂಬಿದ್ದರು. ಆಗಿನ ಸರ್ಕಾರದ ಮುಖ್ಯಸ್ಥ ಡಿ ವಲೇರಾ ಮುಂದಾಳತ್ವದ 1937ರ ಸಂವಿಧಾನ ವಿಚ್ಛೇದನವನ್ನು ನಿಷೇಧಿಸಿತು. ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನವಿದೆ ಎಂದೂ ಹೇಳಿತು. ಆ ಸ್ಥಾನವನ್ನು 1972ರಲ್ಲಿ ಜನರೇ ಮತ ಹಾಕಿ ತೆಗೆದರು. ಆದರೆ ಚರ್ಚಿನ ನಿಜವಾದ ಬಲ ಸಂವಿಧಾನದ ಆ ಸಾಲಿನಲ್ಲಿ ಇರಲಿಲ್ಲ, ಸಚಿವರ ಅಂಜಿಕೆಯಲ್ಲಿತ್ತು. 1951ರಲ್ಲಿ ಆರೋಗ್ಯ ಸಚಿವ ನೋಯಲ್ ಬ್ರೌನ್ ತಾಯಿ ಮತ್ತು ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದಾಗ ಬಿಷಪ್ಪರು ಆಕ್ಷೇಪಿಸಿದರು. ಸಂಪುಟದ ಸಹೋದ್ಯೋಗಿಗಳು ಬ್ರೌನ್ ಅವರ ಕೈಬಿಟ್ಟರು, ಅವರು ರಾಜೀನಾಮೆ ಕೊಡಬೇಕಾಯಿತು.

1983ರ ಎಂಟನೆಯ ತಿದ್ದುಪಡಿ ಈ ನಂಬಿಕೆಯ ಉತ್ತುಂಗ. ಗರ್ಭಪಾತ 1861ರ ಕಾನೂನಿನಿಂದಲೇ ಅಪರಾಧವಾಗಿತ್ತು. ಆದರೂ ಮುಂದೆಂದಾದರೂ ನ್ಯಾಯಾಲಯವೋ ಸಂಸತ್ತೋ ಸಡಿಲಿಸೀತು ಎಂಬ ಭಯಕ್ಕೆ ತಾಯಿಯ ಜೀವಕ್ಕೂ ಗರ್ಭಸ್ಥ ಶಿಶುವಿನ ಜೀವಕ್ಕೂ ಸಮಾನ ಹಕ್ಕು ಎಂದು ಸಂವಿಧಾನಕ್ಕೆ ಸೇರಿಸಲಾಯಿತು. ಶೇ 66.9ರಷ್ಟು ಮತದಾರರು ಒಪ್ಪಿದರು. ಈ ಪದರಚನೆ ಅಸ್ಪಷ್ಟವಾಗಿದೆ, ವೈದ್ಯರನ್ನೂ ವಕೀಲರನ್ನೂ ಗೊಂದಲಕ್ಕೆ ದೂಡುತ್ತದೆ ಎಂದು ಅಟಾರ್ನಿ ಜನರಲ್ ಪೀಟರ್ ಸದರ್‌ಲ್ಯಾಂಡ್ ಮೊದಲೇ ಎಚ್ಚರಿಸಿದ್ದರು. ಆ ಮಾತಿಗೆ ಬೆಲೆ ಸಿಗಲಿಲ್ಲ.

ಈ ಪದ್ಧತಿಯ ಮೂಲದೋಷ ಇಲ್ಲಿದೆ. ಜನಮತಗಣನೆ ಕೇಳುವುದು ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಮಾತ್ರ. ಹೆರಿಗೆ ವಾರ್ಡಿನಲ್ಲಿ ನಡುರಾತ್ರಿ ಏಳುವ ಪ್ರಶ್ನೆಗಳಿಗೆ ಆ ಎರಡು ಉತ್ತರ ಸಾಲವು. 1992ರಲ್ಲಿ ಅತ್ಯಾಚಾರದಿಂದ ಗರ್ಭಿಣಿಯಾದ 14 ವರ್ಷದ ಬಾಲಕಿಯೊಬ್ಬಳು ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟ್ ತಡೆಯಿತು. ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವುಗೊಳಿಸಿ, ಆತ್ಮಹತ್ಯೆಯ ಅಪಾಯವೂ ತಾಯಿಯ ಜೀವಕ್ಕಿರುವ ಅಪಾಯವೇ ಎಂದಿತು. ಆ ತೀರ್ಪನ್ನು ಕಾನೂನಾಗಿಸಲು ಸಂಸತ್ತಿಗೆ 2013ರವರೆಗೆ ಧೈರ್ಯ ಬರಲಿಲ್ಲ.

ಆ ಧೈರ್ಯ ಬರುವಷ್ಟರಲ್ಲಿ ಬೆಳಗಾವಿಯ ಒಂದು ಮನೆ ಮಗಳನ್ನು ಕಳೆದುಕೊಂಡಿತ್ತು. ದಂತವೈದ್ಯೆ ಸವಿತಾ ಹಾಲಪ್ಪನವರ್ ಹದಿನೇಳು ವಾರಗಳ ಗರ್ಭಿಣಿಯಾಗಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ದಾಖಲಾದಾಗ ಗರ್ಭ ಉಳಿಯುವ ಹಾಗಿರಲಿಲ್ಲ. ಗರ್ಭ ತೆಗೆಯಿರೆಂದು ಅವರು ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ವೈದ್ಯರು ಒಪ್ಪಲಿಲ್ಲ. ಸೋಂಕು ರಕ್ತಕ್ಕೇರಿ 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಇದು ಕ್ಯಾಥೊಲಿಕ್ ದೇಶ ಎಂದು ಅವರಿಗೆ ಹೇಳಿದ್ದು ನಿಜವೆಂದು ಸೂಲಗಿತ್ತಿ ನರ್ಸ್ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸೋಂಕನ್ನು ಸಕಾಲದಲ್ಲಿ ಗುರುತಿಸದ ವೈದ್ಯಕೀಯ ಲೋಪವೂ ಆ ಸಾವಿಗೆ ಕಾರಣ. ತಪ್ಪನ್ನೆಲ್ಲ ಕಾನೂನಿನ ತಲೆಗೆ ಕಟ್ಟಿದರೆ ಅರ್ಧ ಸತ್ಯವಾದೀತು. ಆದರೆ ಕಾನೂನಿಗೆ ಹೆದರಿ ಕಾಯುತ್ತ ಕೂರುವ ವೈದ್ಯರನ್ನು ಸೃಷ್ಟಿಸಿದ್ದು 1983ರ ಆ ಸಾಲೇ.

2018ರ ಮೇ 25ರಂದು ಮತ ಹಾಕಿದವರಲ್ಲಿ ಶೇ 66.4ರಷ್ಟು ಜನ ಆ ಸಾಲನ್ನು ಅಳಿಸಿದರು. ವಿರೋಧಿಸಿದ್ದು ಡೊನೆಗಾಲ್ ಕ್ಷೇತ್ರವೊಂದೇ. 2016ರ ಜನಗಣತಿಯಲ್ಲಿ ಶೇ 78ರಷ್ಟು ಮಂದಿ ತಾವು ಕ್ಯಾಥೊಲಿಕರೆಂದೇ ಬರೆಸಿದ್ದರು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಚರ್ಚಿನಲ್ಲಿ ಜ್ಞಾನಸ್ನಾನ ಪಡೆದು ಅಲ್ಲೇ ಮದುವೆಯಾದ ಲಕ್ಷಾಂತರ ಮಂದಿ ಬಿಷಪ್ಪರ ಮಾತಿಗೆ ವಿರುದ್ಧವಾಗಿ ಮತ ಹಾಕಿದ್ದು ಖಚಿತ. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ಚರ್ಚು ಮುಚ್ಚಿಟ್ಟದ್ದನ್ನು ಬಯಲಿಗೆಳೆದ 2009ರ ಮರ್ಫಿ ವರದಿ ಓದಿದ ಜನರಿಗೆ ಬಲಿಪೂಜೆ ಬೇಕಿತ್ತು, ಹಾಸಿಗೆಮನೆಯ ಬಗೆಗಿನ ಉಪದೇಶ ಬೇಕಿರಲಿಲ್ಲ.

ಇದನ್ನು ಉದಾರವಾದಿಗಳ ಜಯವೆಂದಷ್ಟೇ ಓದುವವರೂ ಎಡವುತ್ತಾರೆ. 2024ರ ಮಾರ್ಚಿನಲ್ಲಿ ಸಂವಿಧಾನದ ಕುಟುಂಬ ಮತ್ತು ಗೃಹಿಣಿಯ ಕುರಿತ ವಿಧಿಗಳನ್ನು ಬದಲಿಸಲು ಸರ್ಕಾರವೂ ಪ್ರಮುಖ ವಿರೋಧ ಪಕ್ಷಗಳೂ ಒಟ್ಟಾಗಿ ಕೋರಿದಾಗ ಜನ ಎರಡು ಪ್ರಸ್ತಾವಗಳನ್ನೂ ಭಾರೀ ಅಂತರದಿಂದ ತಿರಸ್ಕರಿಸಿದರು. ಐರಿಷ್ ಮತದಾರ ಬಿಷಪ್ಪರಿಂದ ಬಿಡಿಸಿಕೊಂಡದ್ದು ಮಂತ್ರಿಗಳ ಕೈಗೆ ಸಿಗಲಿಕ್ಕಲ್ಲ.

ಹಾಗಾದರೆ 1983ಕ್ಕೂ 2018ಕ್ಕೂ ಇರುವ ವ್ಯತ್ಯಾಸವೇನು? ಎರಡೂ ಬಾರಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿನ ಬಹುಮತವೇ. ವ್ಯತ್ಯಾಸ ಇರುವುದು ಸಿದ್ಧತೆಯಲ್ಲಿ. ಎರಡನೆಯ ಸಲ ನ್ಯಾಯಮೂರ್ತಿ ಮೇರಿ ಲಾಫೊಯ್ ಅಧ್ಯಕ್ಷತೆಯಲ್ಲಿ 99 ಸಾಮಾನ್ಯ ನಾಗರಿಕರ ಸಭೆ ವೈದ್ಯರನ್ನು, ವಕೀಲರನ್ನು, ಎರಡೂ ಪಕ್ಷದ ವಾದಿಗಳನ್ನು ತಿಂಗಳುಗಟ್ಟಲೆ ಕೇಳಿ ಶಿಫಾರಸು ಮಾಡಿತ್ತು. ಮೊದಲ ಸಲ ಸಂವಿಧಾನದಲ್ಲೇ ಉತ್ತರ ಬರೆದು ಬಾಗಿಲು ಮುಚ್ಚಿದರು; ಎರಡನೆಯ ಸಲ ವಿವರಗಳನ್ನು ತಿದ್ದಬಹುದಾದ ಕಾನೂನಿಗೆ ಬಿಟ್ಟರು. ನನ್ನ ತೀರ್ಮಾನವೂ ಇದೇ: ಭಕ್ತರಿಗೆ ಬೋಧಿಸುವ ಹಕ್ಕು ಬಿಷಪ್ಪರಿಗೆ ಪೂರ್ತಿ ಇದೆ, ಆದರೆ ಬೋಧನೆಯನ್ನು ಸಂವಿಧಾನವಾಗಿಸಿದ್ದರಿಂದ ರೋಗಿಗೆ ಪ್ರಾಣಹಾನಿಯಾಯಿತು, ಚರ್ಚಿಗೆ ಮಾನಹಾನಿಯಾಯಿತು.