ಶಾಸ್ತ್ರಗ್ರಂಥದ ಸತ್ಯನಿಷ್ಠೆ

ಪಠ್ಯಪುಸ್ತಕಗಳು ಪ್ರತಿವರ್ಷವೂ ಹುಟ್ಟುತ್ತವೆ. ಪಠ್ಯಕ್ರಮ ಬದಲಾದೊಡನೆ ರದ್ದಿಯ ತಕ್ಕಡಿಗೆ ಸೇರುತ್ತವೆ. ಭಾಷಾಶಾಸ್ತ್ರದಲ್ಲಿ ತಲೆಮಾರುಗಳನ್ನು ದಾಟಿ ನಿಲ್ಲುವ ಪಠ್ಯದ ಲಕ್ಷಣವೇನೆಂದು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಸುಮಾರು ಕ್ರಿ.ಶ. 1260ರಲ್ಲಿ ಜೈನ ವೈಯಾಕರಣ ಕೇಶಿರಾಜನು ರಚಿಸಿದ 'ಶಬ್ದಮಣಿದರ್ಪಣ'ವನ್ನು ಕನ್ನಡ ಎಂ.ಎ. ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಲ್ಲಿ ಬಿಡಿಸಿ, ಪ್ರಯೋಗಗಳನ್ನು ಮುಂದಿಡುವುದು ಕೇಶಿರಾಜನ ಕ್ರಮ. ಗಜಗ, ಗುಣನಂದಿ, ಅಸಗ, ಪೊನ್ನ, ಪಂಪ ಮೊದಲಾದವರು ತನಗೆ ಲಕ್ಷ್ಯವೆಂದು ಹೆಸರಿಸಿಯೇ ಹೇಳುತ್ತಾನೆ. ಲೆಕ್ಕದೊಡನೆ ರಸೀದಿಯನ್ನೂ ಇಟ್ಟಂತಾಯಿತು. ಓದುಗನು ಒಪ್ಪಲೂಬಹುದು, ತಕರಾರು ಎತ್ತಲೂಬಹುದು. ಸಂಸ್ಕೃತದ ಮಾದರಿಯಂತೆ ಏಳು ವಿಭಕ್ತಿಗಳನ್ನು ಹೇಳುವಾಗ ಪಂಚಮಿಗೆ ಅವನು ಕೊಟ್ಟ ಪ್ರತ್ಯಯ 'ಅತ್ತಣಿಂ'. ಅದರೊಳಗೆ ತೃತೀಯೆಯ 'ಇಂ' ಅಡಗಿರುವುದನ್ನು ಶ್ರದ್ಧೆಯುಳ್ಳ ವಿದ್ಯಾರ್ಥಿ ತಾನೇ ಕಂಡುಕೊಳ್ಳಬಲ್ಲನು. ಗುರುವಿನ ತಪ್ಪನ್ನು ಗುರುವಿನ ಸಾಮಗ್ರಿಯಿಂದಲೇ ತಿದ್ದಲು ಅವಕಾಶವಿರುವುದು ಗ್ರಂಥದ ದೌರ್ಬಲ್ಯವಲ್ಲ, ಹಿರಿಮೆ. 1604ರಲ್ಲಿ ಭಟ್ಟಾಕಳಂಕನು 592 ಸೂತ್ರಗಳಲ್ಲಿ ರಚಿಸಿದ 'ಕರ್ಣಾಟಕ ಶಬ್ದಾನುಶಾಸನ' ಪಾಂಡಿತ್ಯದಲ್ಲಿ ಕಡಿಮೆಯದೇನಲ್ಲ. ಆದರೆ ಸೂತ್ರವೂ ವ್ಯಾಖ್ಯಾನವೂ ಸಂಸ್ಕೃತದಲ್ಲಿರುವುದರಿಂದ ಕನ್ನಡವೊಂದನ್ನೇ ಬಲ್ಲವನು ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ.

ಕೇಶಿರಾಜನ ಇನ್ನೊಂದು ಗುಣ ಅವನ ಕಿವಿ. ಜನರ ಬಾಯಿಂದ ಜಾರುತ್ತಿದ್ದ 'ೞ'ಕಾರವುಳ್ಳ ಶಬ್ದಗಳನ್ನು ಅವನು ಎಚ್ಚರದಿಂದ ಪಟ್ಟಿಮಾಡಿಟ್ಟನು. ಇಂದಿನ ಪಠ್ಯಗಳನ್ನು ಈ ಒರೆಗಲ್ಲಿಗೆ ಹಚ್ಚಲು ಕೊಡಗಿಗಿಂತ ತಕ್ಕ ಸ್ಥಳವಿಲ್ಲ. ಕೊಡವ ತಕ್ಕಿನಲ್ಲಿ ನಾಲಗೆಯ ನಡುಭಾಗವೆತ್ತಿ, ತುಟಿಗಳನ್ನು ದುಂಡಾಗಿಸದೆ ನುಡಿಯುವ ಸ್ವರಗಳಿವೆ. ಅವಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಕ್ಯಾಪ್ಟನ್ ಕೋಲ್ 1867ರಲ್ಲಿಯೇ ಈ ನುಡಿಗೆ ಚಿಕ್ಕ ವ್ಯಾಕರಣವೊಂದನ್ನು ಬರೆದಿದ್ದನು, ಎಂ.ಬಿ. ಎಮೆನೋ 1970ರಲ್ಲಿ ಇದರ ಸ್ವರಗಳನ್ನೇ ಕುರಿತು ವಿದ್ವತ್ಪೂರ್ಣ ಲೇಖನ ಪ್ರಕಟಿಸಿದರು. ಇಷ್ಟಾದರೂ ಮಡಿಕೇರಿಯ ತರಗತಿಯಲ್ಲಿ ಕುಳಿತ ಕೊಡವ ವಿದ್ಯಾರ್ಥಿ ವರ್ಣಮಾಲೆಯನ್ನೇ ಧ್ವನಿಗಳ ಪೂರ್ಣ ಪಟ್ಟಿಯೆಂದು ಬಗೆಯುವ ಪುಸ್ತಕವನ್ನು ಓದಿದರೆ, ತನ್ನ ತಾಯಿಯ ಉಚ್ಚಾರಣೆಯೇ ದೋಷವೆಂದು ತಿಳಿದಾನು. ಇದ್ದುದನ್ನು ಇಲ್ಲವೆನ್ನುವುದು ಅನೃತ. ಬರೆದವನಿಗೆ ದುರುದ್ದೇಶವಿರಲಿಲ್ಲವೆಂಬ ಮಾತ್ರಕ್ಕೆ ಆ ಹುಡುಗನಿಗೆ ಆದ ನೋವು ಕಡಿಮೆಯಾಗದು.

ಅಮೆರಿಕದ ಬ್ಲೂಮ್‌ಫೀಲ್ಡ್ 1933ರ ತನ್ನ ಪ್ರಸಿದ್ಧ ಪಠ್ಯದಲ್ಲಿ, ಅರ್ಥವಿವೇಚನೆಯೇ ಭಾಷಾಧ್ಯಯನದ ದುರ್ಬಲ ಸ್ಥಾನವೆಂದು ಒಪ್ಪಿಕೊಂಡನು. ಪರೀಕ್ಷೆಗೆಂದೇ ಸಿದ್ಧವಾಗುವ ಗೈಡುಗಳಲ್ಲಿ ಇಂತಹ ಒಪ್ಪಿಗೆ ದುರ್ಲಭ. ಅಲ್ಲಿ ಎಲ್ಲಕ್ಕೂ ಉತ್ತರವಿದೆ, ಅದೂ ಐದು ಅಂಕಗಳ ಅಳತೆಗೆ. ತಾನು ಯಾವ ನಯದಿಂದ ನುಡಿಯುತ್ತಿದ್ದೇನೆಂದು ತಿಳಿಸದ ವಾಕ್ಯವನ್ನು ಜೈನ ತಾರ್ಕಿಕರು ಏಕಾಂತವೆಂದು ಕರೆದರು. ಬರಹದ ಭಾಷೆಯ ನಿಯಮವನ್ನು ಭಾಷೆಯ ನಿಯಮವೆಂದೇ ಸಾರುವ ಪಠ್ಯ ಆ ದೋಷಕ್ಕೆ ಒಳಗಾಗಿದೆ.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರವೇನೂ ಬೇಡ. ಧ್ವನಿವಿಚಾರದ ಅಧ್ಯಾಯದ ಕೊನೆಗೆ, ಮನೆಯ ಹತ್ತು ಮಾತುಗಳನ್ನು ಕೇಳಿದಂತೆಯೇ ಬರೆದುಕೊಂಡು ಲಿಪಿಗೆ ಸಿಗದ ಧ್ವನಿಯನ್ನು ಗುರುತಿಸುವ ಅಭ್ಯಾಸವೊಂದಿದ್ದರೆ ಸಾಕು. ಕೊಡವರ ಹುಡುಗ, ಅರೆಭಾಷೆಯ ಹುಡುಗಿ, ಎರವರ ಮಗು ಮೂವರೂ ಮರುದಿನ ಬೇರೆ ಬೇರೆ ಪಟ್ಟಿಗಳನ್ನು ತಂದಾರು, ಅಧ್ಯಾಪಕರೂ ಕಿವಿಗೊಡಬೇಕಾದೀತು.