ನಾಟಕ ಕಲಿಸುವವರಿಗೆ ಕಿವಿ ಇದೆಯೆ?

ನಾಟಕ ಬರೆಯೋದನ್ನ ವಿಶ್ವವಿದ್ಯಾಲಯ ಕಲಿಸುತ್ತದೆ ಅಂತಾರೆ. ಅಮೆರಿಕದ ಯೇಲ್‌ನಲ್ಲಿ ಅದಕ್ಕೆ ಸ್ನಾತಕೋತ್ತರ ಪದವಿಯೇ ಇದೆ. ಆದರೆ ಅಲ್ಲಿನ ಕಪ್ಪು ಜನರ ಬದುಕನ್ನು ರಂಗಕ್ಕೆ ತಂದ ಆಗಸ್ಟ್ ವಿಲ್ಸನ್ ಅಂಥ ಕ್ಲಾಸಿನಲ್ಲಿ ಕೂತವನಲ್ಲ. ನೆಪೋಲಿಯನ್ ಮೇಲೆ ಬರೆದ ಪ್ರಬಂಧವನ್ನು ಮೇಷ್ಟರು ಕದ್ದದ್ದು ಅಂದಾಗ ಹೈಸ್ಕೂಲನ್ನೇ ಬಿಟ್ಟವನು. ಪಿಟ್ಸ್‌ಬರ್ಗಿನ ಲೈಬ್ರರಿಯಲ್ಲಿ ಓದಿ, ಬೀದಿಯ ಮಾತಿಗೆ ಕಿವಿಗೊಟ್ಟು ಕಲಿತವನು. 1984ರಲ್ಲಿ ಅದೇ ಯೇಲ್ ಅವನ ನಾಟಕ ಆಡಿತು. ಯಾಕೆಂದರೆ ಆಗ ಅಲ್ಲಿನ ನಾಟಕ ಶಾಲೆಯ ಮುಖ್ಯಸ್ಥನಾಗಿದ್ದ ಲಾಯ್ಡ್ ರಿಚರ್ಡ್ಸ್, ತಾನೂ ಕಪ್ಪು ಮನುಷ್ಯ, ಆ ಮಾತನ್ನು ಕೇಳಿಸಿಕೊಂಡ.

2021ರಲ್ಲಿ ಆ ಶಾಲೆ ಫೀಜು ತೆಗೆದುಹಾಕಿತು. ಒಳ್ಳೇದೇ. ಆದರೆ ಒಳಗೆ ಬಂದವನು ತನ್ನವ್ವನ ಮಾತಲ್ಲಿ ಬರೆದರೆ? ಮನೆಯಲ್ಲಿ ಮೊದಲು ಡಿಗ್ರಿ ಕಂಡ ನಮಗೆ ಆ ಕೆಂಪು ಗೆರೆ ಗೊತ್ತು. ಅಂಕ, ದೃಶ್ಯ ಆಮೇಲೆ ಕಲಿಸುವಿರಂತೆ. ಮೊದಲು ಕೇಳಿಸಿಕೊಳ್ಳೋದು ಕಲೀರಿ, ಮೇಷ್ಟರೆ.